ದಾರ ಕಡಿಯುವ ಹಲ್ಲು

ಅತ್ತಿಗೆ ಹಲ್ಲಿನಿಂದ ದಾರ ಕಡಿಯುವುದನ್ನು ಬಿಟ್ಟಿದ್ದಾಳೆಂದು ಮನೆಯಲ್ಲಿ ಮೊದಲು ಗಮನಿಸಿದವಳು ನಾನು.

ದೋಸ್ಕೆಬ್ರಾದಾಸ್ ಊರಿನ ನಮ್ಮ ಬೀದಿಯಲ್ಲಿ ಹೊಲಿಗೆ ಯಂತ್ರವಿಲ್ಲದ ಮನೆ ಕಡಿಮೆ. ಕಾರ್ಖಾನೆಯವರು ಕತ್ತರಿಸಿದ ಜೀನ್ಸಿನ ಕಟ್ಟುಗಳನ್ನು ತಂದು ಹಾಕುತ್ತಾರೆ, ಹೆಂಗಸರು ಹೊಲಿದು ಕೊಡುತ್ತಾರೆ. ಪ್ರತಿ ಸಲ ಕತ್ತರಿ ಹುಡುಕಿಕೊಳ್ಳುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಹೊಲಿಗೆ ಮುಗಿದ ಕಡೆ ತಲೆ ಬಗ್ಗಿಸಿ, ದಾರವನ್ನು ಹಲ್ಲಿಗೆ ಸಿಕ್ಕಿಸಿ ಟಕ್ಕನೆ ಕಡಿಯುವುದೇ ರೂಢಿ. ವರ್ಷಗಟ್ಟಲೆ ಹೊಲಿದವರ ಹಲ್ಲಿನ ತುದಿಯಲ್ಲಿ ಒಂದು ಸಣ್ಣ ಕಚ್ಚು ಬಿದ್ದಿರುತ್ತದೆ. ಬಸ್ಸಿನಲ್ಲಿ ಎದುರು ಕೂತ ಅಪರಿಚಿತ ಹೆಂಗಸು ಆಕಳಿಸಿದರೆ ಸಾಕು, ಇವಳೂ ನಮ್ಮವಳೇ ಎಂದು ತಿಳಿಯುತ್ತದೆ. ನನ್ನ ಅತ್ತಿಗೆ ಮಾರ್ಲೆನಿಗೆ ಆ ಕಚ್ಚು ಎಡಗಡೆಯ ಮೇಲಿನ ಕೋರೆಹಲ್ಲಿನಲ್ಲಿತ್ತು.

ಆ ಏಪ್ರಿಲ್‌ನಲ್ಲಿ ಅವಳ ಕೊರಳಿನಲ್ಲಿ ರಿಬ್ಬನ್ನಿಗೆ ಕಟ್ಟಿದ ಒಂದು ಪುಟ್ಟ ಕತ್ತರಿ ನೇತಾಡತೊಡಗಿತು.

"ಇದೇನು ಹೊಸ ಸರ?" ಎಂದೆ.

"ವಯಸ್ಸಾಯ್ತು ನೋಹೆಮಿ," ಎಂದಳು, ಕೈಯನ್ನು ಬಾಯಿಗೆ ಅಡ್ಡ ಹಿಡಿದು.

ಅವಳಿಗೆ ಐವತ್ತು ಕೂಡ ತುಂಬಿರಲಿಲ್ಲ. ನಾನು ಕೆಲಸ ಮಾಡುವ ಔಷಧಿ ಅಂಗಡಿಯಿಂದ ಮೇಲಿಂದ ಮೇಲೆ ಲವಂಗದೆಣ್ಣೆ ತರಿಸಿಕೊಳ್ಳುತ್ತಿದ್ದಳು. ಯಾಕೆಂದು ಕೇಳಿದರೆ ಅಡುಗೆಮನೆಯ ಇರುವೆಗೆ ಎನ್ನುತ್ತಿದ್ದಳು. ನಮ್ಮ ಅಡುಗೆಮನೆಯಲ್ಲಿ ಇರುವೆಗಳು ಇದ್ದದ್ದೇನೋ ನಿಜ. ಆದರೆ ವಾಸನೆ ಬರುತ್ತಿದ್ದದ್ದು ಅವಳ ಬಾಯಿಯಿಂದ.

ಮನೆಯಲ್ಲಿ ಆಗ ನಾವು ನಾಲ್ವರು ಹೆಂಗಸರು. ನನ್ನ ಅಮ್ಮ ಎದೆಲ್ಮಿರಾ, ಸೊಸೆ ಮಾರ್ಲೆನಿ, ಮಾರ್ಲೆನಿಯ ಮಗಳು ಯೇಮಿ, ಮತ್ತು ಮದುವೆಯ ಗೋಜಿಗೆ ಹೋಗದ ನಾನು. ಅಣ್ಣ ಲಾರಿ ಅಪಘಾತದಲ್ಲಿ ತೀರಿಕೊಂಡಾಗ ಯೇಮಿ ಇನ್ನೂ ಶಾಲೆಯಲ್ಲಿದ್ದಳು. ಮಾರ್ಲೆನಿ ತವರಿಗೆ ಹೋಗಲಿಲ್ಲ. ಹೊಲಿಗೆ ಯಂತ್ರವನ್ನು ಮುಂದಿನ ಕೋಣೆಯ ಕಿಟಕಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು ಕೂತಳು, ಅಷ್ಟೆ.

ಅಮ್ಮನ ಕಣ್ಣಿಗೆ ಬಿದ್ದದ್ದು ಅರೆಪಾದ ವಿಚಾರ. ಬೆಳಿಗ್ಗೆ ಮೆಕ್ಕೆಜೋಳದ ಹಿಟ್ಟು ನಾದಿ, ಕೆಂಡದ ಮೇಲೆ ಮೈಯೆಲ್ಲ ಚುಕ್ಕೆ ಏಳುವಂತೆ ಅರೆಪಾ ಸುಟ್ಟು ಕೊಡುವುದು ಅವಳ ಕೆಲಸ. ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಮಾರ್ಲೆನಿ ಆ ಗರಿಗರಿ ರೊಟ್ಟಿಯನ್ನು ಚೂರು ಮಾಡಿ ಬಿಸಿ ಬೆಲ್ಲದ ನೀರಿಗೆ ಹಾಕಿ, ಮೆತ್ತಗಾದ ಮೇಲೆ ಚಮಚದಲ್ಲಿ ತಿನ್ನುತ್ತಿದ್ದಳು.

"ಏನೇ, ನನ್ನ ಅರೆಪಾ ಕಲ್ಲಾಗಿದೆಯಾ?"

"ಇಲ್ಲ ಅತ್ತೆ, ಹೀಗೆ ರುಚಿ."

"ಹಲ್ಲಿಲ್ಲದೋಳು ನಾನು. ನೆನೆಸಿಕೊಂಡು ತಿನ್ನೋಳು ನೀನು."

ಅಮ್ಮ ತನ್ನ ಕಟ್ಟಿಸಿದ ಹಲ್ಲುಗಳಿಂದ ಅರೆಪಾವನ್ನು ಕಚ್ಚಿ ತೋರಿಸಿದಳು. ಆ ಹಲ್ಲುಸೆಟ್ಟಿನ ಬಗ್ಗೆ ಅವಳಿಗೆ ಬಹಳ ಹೆಮ್ಮೆ. ಮದುವೆಗೆ ತಂದೆ ಕೊಟ್ಟ ಉಡುಗೊರೆ ಅದು. ಅವಳ ಕಾಲದಲ್ಲಿ ತವರಿನ ಬೆಟ್ಟದೂರುಗಳಲ್ಲಿ ಹಾಗೆ ಮಾಡುತ್ತಿದ್ದರು: ಹುಡುಗಿಯ ಹಲ್ಲುಗಳನ್ನೆಲ್ಲ ಕೀಳಿಸಿ, ಹೊಸ ಸೆಟ್ಟು ಹಾಕಿಸಿ, ಆಮೇಲೆ ಮದುವೆ ಮಾಡಿಕೊಡುವುದು. ಮುಂದೆ ಗಂಡನಿಗೆ ಹೆಂಡತಿಯ ಹಲ್ಲಿನ ಖರ್ಚು ಬರಬಾರದಲ್ಲ. "ಅವತ್ತಿನಿಂದ ಇವತ್ತಿನವರೆಗೂ ಒಂದು ದಿನ ಹಲ್ಲುನೋವು ಅಂತ ಮಲಗಿದೋಳಲ್ಲ ನಾನು," ಎಂಬ ಮಾತನ್ನು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದಿದ್ದೇನೆ.

ಯೇಮಿಯ ಮದುವೆ ಆಗಸ್ಟಿನಲ್ಲಿ ಎಂದು ನಿಶ್ಚಯವಾಗಿತ್ತು. ಹುಡುಗ ಬ್ರಾಯನ್ ಒಳ್ಳೆಯವನು. ತಾಯಿಯ ಚಪ್ಪಲಿ ಅಂಗಡಿ ನೋಡಿಕೊಳ್ಳುತ್ತಿದ್ದ. ತಾಯಿ ಮಗ ಇಬ್ಬರೂ ಒಂದು ಭಾನುವಾರ ಊಟಕ್ಕೆ ಬಂದರು. ಅಮ್ಮ ಕೆಂಪು ಹುರುಳಿಕಾಯಿ ಬೀಜದ ಸಾರು ಮಾಡಿದ್ದಳು, ಅನ್ನ, ಬಾಳೆಹಣ್ಣು ಕರಿದದ್ದು, ಮೇಲೆ ಗರಿಯಾಗಿ ಕರಿದ ಹಂದಿಯ ಚರ್ಮ. ಮಾರ್ಲೆನಿ ಎಲ್ಲರಿಗೂ ಬಡಿಸಿದಳು, ಮತ್ತೆ ಬಡಿಸಿದಳು, ಕೂರಲೇ ಇಲ್ಲ. ಬೀಗಿತ್ತಿ ದೋನ್ಯಾ ಅಂಪಾರೋ ಕೈ ಹಿಡಿದು ಕೂರಿಸಿಕೊಂಡಳು. ಆಕೆ ನಕ್ಕರೆ ಮೇಲಿನ ಸಾಲಿನ ಹಲ್ಲುಗಳೆಲ್ಲ ಒಂದೇ ಅಳತೆ, ಒಂದೇ ಬಿಳುಪು. ಹಿಂದಿನ ವರ್ಷವಷ್ಟೇ ವೆನೀರ್, ಅಂದರೆ ಹಲ್ಲಿನ ಮೇಲೆ ಅಂಟಿಸುವ ಬಿಳಿ ಹೊದಿಕೆ, ಹಾಕಿಸಿಕೊಂಡಿದ್ದಳು.

"ಬೀಗಿತ್ತಿ, ಬಂದಾಗಿನಿಂದ ನೋಡ್ತಿದ್ದೀನಿ, ಒಂದು ಸಲಾನೂ ನಗಲಿಲ್ಲ ನೀವು. ನಮ್ಮ ಹುಡುಗ ಹಿಡಿಸಲಿಲ್ವೇನೋ."

"ಅಯ್ಯೋ, ಹಾಗೇನಿಲ್ಲ," ಎಂದಳು ಮಾರ್ಲೆನಿ, ಕರವಸ್ತ್ರದ ಹಿಂದಿನಿಂದ.

"ಇದ್ರೆ ಇದೆ ಅಂತ ಹೇಳಿಬಿಡಿ. ಮನಸ್ಸಿನಲ್ಲಿ ಇಟ್ಕೋಬೇಡಿ."

ಯೇಮಿ ಅವರನ್ನು ಮನೆಯವರೆಗೆ ಬಿಟ್ಟು ಬಂದ ಮೇಲೆ ಪಾತ್ರೆ ತೊಳೆಯುವಲ್ಲಿ ಜಗಳ ಶುರುವಾಯಿತು.

"ಒಂದು ಸಲ ನಕ್ಕಿದ್ರೆ ಏನಾಗ್ತಿತ್ತಮ್ಮ ನಿಂಗೆ?" ಎಂದಳು ಯೇಮಿ. "ಬ್ರಾಯನ್ ದಾರಿಯುದ್ದಕ್ಕೂ ಕೇಳ್ತಿದ್ದ, ನಿಮ್ಮಮ್ಮಂಗೆ ನನ್ನ ಕಂಡ್ರೆ ಆಗಲ್ವಾ ಅಂತ."

"ಆಗುತ್ತೆ ಅಂತ ಹೇಳು."

"ನಾನು ಹೇಳಿದ್ರೆ ನಂಬಬೇಕಲ್ಲ. ಮುಖ ನೋಡಿದ್ರೆ ಸಾವಿನ ಮನೆಗೆ ಬಂದ ಹಾಗಿತ್ತು."

ಮಾರ್ಲೆನಿ ಕೈ ಒರೆಸಿಕೊಂಡಳು. ಮಗಳ ಕಡೆಗೆ ತಿರುಗಿ ಬಾಯಿ ತೆರೆದಳು. ಮುಂದಿನ ಎರಡು ಹಲ್ಲುಗಳು ಒಂದಕ್ಕೊಂದು ಮುನಿಸಿಕೊಂಡಂತೆ ದೂರ ಸರಿದಿದ್ದವು. ವಸಡು ಊದಿಕೊಂಡು ಹಣ್ಣಾದ ನೇರಳೆಯ ಬಣ್ಣಕ್ಕೆ ತಿರುಗಿತ್ತು.

"ಇದನ್ನ ತೋರಿಸ್ಲಾ ಅವರಿಗೆ?" ಎಂದಳು.

ಯೇಮಿ ಪಾತ್ರೆ ಉಜ್ಜುವುದಕ್ಕೆ ತಿರುಗಿದಳು. ಆದರೆ ಮೇ ತಿಂಗಳಲ್ಲಿ ತಾಯಂದಿರ ದಿನದ ಊಟದಲ್ಲಿ ಎಲ್ಲರೆದುರಿಗೂ ಹೇಳಿದಳು, "ಅಮ್ಮಂಗೆ ಈ ಸಲ ಬಟ್ಟೆ ಇಲ್ಲ, ಮಿಕ್ಸಿ ಇಲ್ಲ. ಹಲ್ಲು. ಮೇಲಿನ ಸಾಲು ಪೂರ್ತಿ. ಶನಿವಾರ ನಮ್ಮ ಸಲೂನಿಗೆ ಬಾ, ಮಧ್ಯಾಹ್ನಕ್ಕೆ ನೀನು ಬೇರೇನೇ ಆಗಿ ಹೋಗ್ತೀಯ."

ಅವಳು ಕೆಲಸ ಮಾಡುತ್ತಿದ್ದ ಸಲೂನಿನಲ್ಲಿ ಕೂದಲು, ಉಗುರು, ಹುಬ್ಬು ಎಲ್ಲ ಆಗುತ್ತಿತ್ತು. ಶನಿವಾರಗಳಂದು ವಿಲ್ಮಾರ್ ಎಂಬ ಒಬ್ಬ ಬಂದು, ಹಿಂದಿನ ಪರದೆಯ ಮರೆಯಲ್ಲಿ ಹಲ್ಲುಗಳಿಗೆ ರಾಳ ಮೆತ್ತಿ ಬಿಳಿ ಹೊದಿಕೆ ಮಾಡಿಕೊಡುತ್ತಿದ್ದ. ಯೇಮಿಯ ಹಲ್ಲುಗಳೂ ಅವನ ಕೈಕೆಲಸವೇ. ಅಮ್ಮ ಅವನ್ನು ಫ್ರಿಜ್ಜಿನ ಬಾಗಿಲು ಎಂದು ಕರೆಯುತ್ತಿದ್ದಳು.

ಉಡುಗೊರೆಯ ಮಾತು ಕೇಳಿ ಮಾರ್ಲೆನಿ ಕಣ್ಣೀರು ಹಾಕಿದಳು. ಅದು ಸಂತೋಷದ್ದೇ. ಆ ವಾರವೆಲ್ಲ ಅವಳು ಯಂತ್ರದ ಮುಂದೆ ಹಾಡು ಗುನುಗುತ್ತಿದ್ದಳು, ಬಾಯಿ ಮುಚ್ಚಿಕೊಂಡೇ.

ಶನಿವಾರ ನಾನೂ ಜೊತೆಗೆ ಹೋಗಿದ್ದೆ. ವಿಲ್ಮಾರ್ ಕೆಟ್ಟವನಲ್ಲ, ಮಾತು ಮೃದು, ಕೈ ಶುದ್ಧ. ಹಲ್ಲನ್ನು ಒರೆಸಿ ಒಣಗಿಸಲು ನೋಡಿದ. ರಕ್ತ ಬಂತು. ಹತ್ತಿ ಒತ್ತಿ ಹಿಡಿದು ಕಾದ. ತೆಗೆದರೆ ಮತ್ತೆ ರಕ್ತ. ಹತ್ತಿಯ ಉಂಡೆಗಳು ಬಟ್ಟಲಿನಲ್ಲಿ ಗುಡ್ಡೆಯಾದವು.

"ಇವತ್ತಾಗಲ್ಲ ಸೆನ್ಯೋರಾ. ಒದ್ದೆ ಇದ್ರೆ ರಾಳ ಹಿಡಿಯಲ್ಲ. ಒಂದು ವಾರ ಉಪ್ಪುನೀರಲ್ಲಿ ಮುಕ್ಕಳಿಸಿ ಬನ್ನಿ, ರಕ್ತ ನಿಂತಿದ್ರೆ ಅಂಟಿಸಿಬಿಡೋಣ."

"ನಿಲ್ಲದೇ ಇದ್ರೆ?" ಎಂದೆ ನಾನು.

ಅವನು ಭುಜ ಕುಣಿಸಿದ. "ನಿಲ್ಲಿಸೋಕೆ ಬೇರೆ ಪುಡಿ ಇದೆ."

ಆ ಪುಡಿಯ ಮಾತು ನನಗೆ ಹಿಡಿಸಲಿಲ್ಲ. ಮಂಗಳವಾರ ಅತ್ತಿಗೆಯನ್ನು ಎಬ್ಬಿಸಿಕೊಂಡು, ಬಸ್ಸು ಹಿಡಿದು ಪಕ್ಕದ ಪೆರೇರಾ ನಗರದ ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಯೇಮಿಗೆ ಹೇಳಲಿಲ್ಲ.

ಡಾಕ್ಟರ್ ಓಸ್ಪಿನಾ ಯೇಮಿಗಿಂತ ನಾಲ್ಕಾರು ವರ್ಷ ದೊಡ್ಡವಳಿರಬಹುದು. ಗೆರೆಗಳಿದ್ದ ಸಪೂರ ಕಡ್ಡಿಯೊಂದನ್ನು ಹಲ್ಲಿಗೂ ವಸಡಿಗೂ ನಡುವೆ ಇಳಿಸಿ ನೋಡುತ್ತ ಹೋದಳು. ಕಡ್ಡಿ ಕೆಲವು ಕಡೆ ಅರ್ಧ ಮುಳುಗಿತು. ಎಕ್ಸ್‌ರೇ ತೆಗೆಸಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಮಾರ್ಲೆನಿಯ ಮುಖಕ್ಕೆ ಸಮನಾಗಿ ಕೂತು ಹೇಳಿದಳು:

"ವಸಡಿನ ಕಾಯಿಲೆ ಇದು, ಇವತ್ತಿನದಲ್ಲ. ಹಲ್ಲಿನ ಬುಡದಲ್ಲಿ ಕೊಳೆ ಗಟ್ಟಿಯಾಗಿ ಗಾರೆ ಕಟ್ಟಿದೆ. ವಸಡು ಹಲ್ಲನ್ನ ಬಿಟ್ಟುಕೊಟ್ಟಿದೆ, ಒಳಗೆ ಎಲುಬು ಕರಗ್ತಾ ಇದೆ. ಹಲ್ಲು ಸರಿದಿರೋದು, ಅಲ್ಲಾಡೋದು ಎಲ್ಲಾ ಅದಕ್ಕೇ."

"ಉಜ್ಜಿದ್ರೆ ರಕ್ತ ಬರ್ತಿತ್ತು. ಅದಕ್ಕೆ ಆ ಜಾಗ ಬಿಟ್ಟು ಉಜ್ತಿದ್ದೆ."

"ಎಲ್ಲರೂ ಹಾಗೇ ಮಾಡೋದು. ರಕ್ತ ಬರೋ ಕಡೆಯೇ ಉಜ್ಜಬೇಕಿತ್ತು."

"ಮಗಳ ಮದುವೆ ಇದೆ, ಆಗಸ್ಟಿನಲ್ಲಿ. ಈಗ ವೆನೀರ್ ಹಾಕಿಸ್ಕೊಂಡು, ಮದುವೆ ಆದ ಮೇಲೆ ವಸಡು ನೋಡ್ಕೊಂಡ್ರೆ ಆಗಲ್ವಾ?"

"ಹೊದಿಕೆ ಕೆಳಗೆ ಕಾಯಿಲೆ ಸುಮ್ಮನೆ ಕೂರಲ್ಲ. ಬ್ರಷ್ಷು ಆ ಸಂದಿಗೆ ತಲುಪೋದೂ ಇಲ್ಲ. ಒಂದು ದಿನ ಹೊದಿಕೆ ಸಮೇತ ಹಲ್ಲು ಕೈಗೆ ಬರುತ್ತೆ. ಮೊದಲು ವಸಡು ವಾಸಿಯಾಗಲಿ. ಆಮೇಲೂ ವೆನೀರ್ ಬೇಕು ಅನಿಸಿದ್ರೆ ನಾನೇ ಹಾಕಿಸಿಕೊಡ್ತೀನಿ." ಎಕ್ಸ್‌ರೇಯನ್ನು ಲಕೋಟೆಗೆ ಸೇರಿಸಿದಳು. "ಇನ್ನೊಂದು ವಿಷಯ. ಈಗಲೇ ಹೇಳಿಬಿಡ್ತೀನಿ, ಆಮೇಲೆ ನನ್ನ ಬೈಕೋಬೇಡಿ. ಊತ ಇಳಿದ ಮೇಲೆ ಹಲ್ಲು ಉದ್ದ ಕಾಣ್ಸುತ್ತೆ. ನಡುವೆ ಸಂದು ಕಾಣ್ಸುತ್ತೆ. ಮದುವೆ ಹೊತ್ತಿಗೆ ನಿಮ್ಮ ನಗು ಈಗಿರೋದಕ್ಕಿಂತ ಚೆಂದ ಇರಲ್ಲ."

ಮಾರ್ಲೆನಿ ಒಂದೇ ಒಂದು ಪ್ರಶ್ನೆ ಕೇಳಿದಳು. "ಹಲ್ಲು ನಿಲ್ಲುತ್ತಾ?"

"ನಾನು ಹೇಳಿದ ಹಾಗೆ ಮಾಡಿದ್ರೆ ಹೆಚ್ಚಿನವು ನಿಲ್ಲುತ್ತೆ."

ಬಸ್ಸಿನಲ್ಲಿ ಅವಳು ಎಕ್ಸ್‌ರೇಯ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಸೇತುವೆ ದಾಟಿದ ಮೇಲೆ ಹೇಳಿದಳು, "ಲಡ್ಡಾದ ಬಟ್ಟೆಗೆ ಲೇಸು ಹೊಲಿದ ಹಾಗೆ ನೋಹೆಮಿ. ಲೇಸು ಎಷ್ಟೇ ಚೆನ್ನಾಗಿರ್ಲಿ, ಹೊಲಿಗೆ ಹಿಡಿದುಕೊಳ್ಳೋಕೆ ಕೆಳಗೆ ಬಟ್ಟೆ ಬೇಕಲ್ಲ."

ಡಾಕ್ಟರ್ ಹೇಳಿದ್ದನ್ನೆಲ್ಲ ಮಾರ್ಲೆನಿ ಹೇಳಿದ ಮೇಲೆ ಅವತ್ತಿನ ಊಟ ಯಾರಿಗೂ ರುಚಿಸಲಿಲ್ಲ.

"ಎರಡು ತಿಂಗಳು ಉಜ್ಜಿ, ಕೆರೆದು, ಕೊನೆಗೆ ಈಗಿರೋದಕ್ಕಿಂತ ಕೆಟ್ಟದಾಗಿ ಕಾಣ್ಬೇಕಾ?" ಯೇಮಿ ತಟ್ಟೆ ತಳ್ಳಿದಳು. "ಮದುವೆ ಫೋಟೋ ಜೀವನ ಪೂರ್ತಿ ಇರುತ್ತಮ್ಮ. ಅಂಪಾರೋ ಆಂಟಿ ಒಂದು ಪಕ್ಕ ಮಿಂಚ್ತಾ ನಿಂತಿರ್ತಾರೆ, ಇನ್ನೊಂದು ಪಕ್ಕ ನೀನು ಬಾಯಿಗೆ ಕೈ ಅಡ್ಡ ಇಟ್ಕೊಂಡು."

"ಫೋಟೋ ಇರುತ್ತೆ. ಹಲ್ಲು?"

"ವಿಲ್ಮಾರ್ ನನಗೆ ಹಾಕಿ ಎರಡು ವರ್ಷ ಆಯ್ತು. ನನಗೇನಾಗಿದೆ?"

ಅಮ್ಮ ನಡುವೆ ಬಾಯಿ ಹಾಕಿದಳು. "ಇಬ್ಬರಿಗೂ ಬುದ್ಧಿ ಇಲ್ಲ. ಅಂಟಿಸೋದೂ ಬೇಡ, ಕೆರೆಸೋದೂ ಬೇಡ. ಎಲ್ಲ ಕೀಳಿಸಿ ಒಂದು ಸೆಟ್ಟು ಹಾಕಿಸ್ಕೋ. ನನ್ನ ನೋಡು."

"ನಿಮ್ಮದು ನಿಮಗೆ ಅತ್ತೆ."

"ನನ್ನಪ್ಪ ಯೋಚನೆ ಮಾಡಿ ಕೊಟ್ಟಿದ್ದು. ನಿನ್ನ ಅಪ್ಪ ಆ ಯೋಚನೆ ಮಾಡಿದ್ರೆ ಇವತ್ತು ಈ ರಗಳೆ ಇರ್ತಿತ್ತಾ?"

ಇಪ್ಪತ್ತೈದು ವರ್ಷ ಅತ್ತೆಗೆ ಎದುರು ಮಾತಾಡದ ಹೆಂಗಸು ಅವಳು. ಅವತ್ತು ಚಮಚ ಕೆಳಗಿಟ್ಟು, ಬಾಯಿಗೆ ಕೈ ಅಡ್ಡ ಹಿಡಿಯದೆ ಹೇಳಿದಳು: "ಮಗಳು ಮುಚ್ಚಿಸು ಅಂತಾಳೆ, ಅತ್ತೆ ಕೀಳಿಸು ಅಂತಾರೆ. ಬಾಯಿ ನಂದು. ನಾನು ಇಟ್ಕೋತೀನಿ."

ಯೇಮಿ ಎದ್ದು ಹೋಗಿ ಬಾಗಿಲು ಹಾಕಿಕೊಂಡಳು. ಮಾರನೆಯ ದಿನದಿಂದ ಅವಳ ರಾತ್ರಿಯೂಟ ಬೀಗರ ಮನೆಯಲ್ಲೇ ಆಗತೊಡಗಿತು.

ಚಿಕಿತ್ಸೆಯ ವಾರಗಳನ್ನು ನೆನೆಸಿಕೊಂಡರೆ ಅತ್ತಿಗೆಯ ಬಗ್ಗೆ ನನಗೆ ಇವತ್ತಿಗೂ ಗೌರವ ಮೂಡುತ್ತದೆ. ಒಂದೊಂದು ಮಂಗಳವಾರ ಬಾಯಿಯ ಒಂದೊಂದು ಮೂಲೆಗೆ ಇಂಜೆಕ್ಷನ್ ಕೊಟ್ಟು, ವಸಡಿನ ಕೆಳಗಿನ ಗಾರೆಯನ್ನು ಕೆರೆದು ತೆಗೆಯುತ್ತಿದ್ದರು. ಅರ್ಧ ಮುಖ ಮರಗಟ್ಟಿಕೊಂಡು ಮನೆಗೆ ಬಂದವಳು ನೇರ ಯಂತ್ರದ ಮುಂದೆ ಕೂರುತ್ತಿದ್ದಳು, ಕಟ್ಟು ಮುಗಿಸಬೇಕಿತ್ತು. ಗೊತ್ತಾಗದೆ ಇಳಿದ ಜೊಲ್ಲು ಜೀನ್ಸಿನ ಮೇಲೆ ಬಿದ್ದರೆ ತೋಳಿನಿಂದ ಒರೆಸಿ ಮುಂದುವರಿಸುತ್ತಿದ್ದಳು. ನೋವಿನ ಮಾತು ಆಡಿದವಳಲ್ಲ. ಒಮ್ಮೆ ಮಾತ್ರ, ನಾನು ಸೂಪು ಆರಿಸಿ ಕೊಡುತ್ತಿದ್ದಾಗ, ಸೊಟ್ಟ ಬಾಯಿಯಲ್ಲಿ ತೊದಲಿದಳು: "ಹೆರಿಗೆ ಇದಕ್ಕಿಂತ ವಾಸಿ. ಕೊನೆಗೆ ಒಂದು ಮಗು ಆದ್ರೂ ಸಿಗುತ್ತೆ."

"ಆ ಮಗು ಈಗ ಮಾತಾಡ್ಸಲ್ವಲ್ಲ," ಎಂದೆ.

"ಮಾತಾಡ್ಸುತ್ತೆ. ಲಂಗದ ಅಂಚು ಇನ್ನೂ ಮಡಿಸಿಲ್ಲವಲ್ಲ, ಬರಲೇಬೇಕು."

ಹೌದು, ಮದುವೆಯ ಬಿಳಿ ಉಡುಪನ್ನು ಹೊಲಿಯುತ್ತಿದ್ದವಳೂ ಅವಳೇ. ಯೇಮಿ ಅಳತೆಗೆ ಬಂದು ಮಣೆಯ ಮೇಲೆ ನಿಲ್ಲುತ್ತಿದ್ದಳು, ಗೋಡೆ ನೋಡುತ್ತ. ಹಿಂದೆಲ್ಲ ಮಾರ್ಲೆನಿ ಗುಂಡುಸೂಜಿಗಳನ್ನು ತುಟಿಯ ನಡುವೆ ಕಚ್ಚಿಕೊಂಡೇ ಅಳತೆ ಹಿಡಿಯುತ್ತಿದ್ದಳು, ಹಾಗಾಗಿ ಮಾತು ಇರುತ್ತಿರಲಿಲ್ಲ. ಈಗ ಸೂಜಿಗಳು ಮಣಿಕಟ್ಟಿನ ದಿಂಬಿನಲ್ಲಿದ್ದವು. ಬಾಯಿ ಖಾಲಿಯಿತ್ತು, ಆದರೂ ಮಾತಿರಲಿಲ್ಲ.

ಬೆಳಿಗ್ಗೆ, ಹಿತ್ತಿಲ ಬಟ್ಟೆ ಒಗೆಯುವ ತೊಟ್ಟಿಯ ಮುಂದೆ ನಿಂತು ಮಾರ್ಲೆನಿ ಹಲ್ಲುಜ್ಜುವುದನ್ನು ಅಮ್ಮ ಒಲೆಯ ಹತ್ತಿರ ಕೂತು ನೋಡುತ್ತಿದ್ದಳು. ಮೊದಲು ದೊಡ್ಡ ಬ್ರಷ್ಷು. ಆಮೇಲೆ ಸೀಸೆ ತೊಳೆಯುವ ಕುಂಚದ ಮರಿಯಂಥ ಪುಟಾಣಿ ಬ್ರಷ್ಷು, ಹಲ್ಲುಗಳ ನಡುವಿನ ಒಂದೊಂದು ಸಂದಿಗೂ. ಗೋಡೆಗೆ ತೂಗುಹಾಕಿದ ಕನ್ನಡಿಯಲ್ಲಿ ಕಣ್ಣಿಟ್ಟು, ಗುಂಡಿ ಮನೆ ಹೊಲಿಯುವಾಗಿನ ಅದೇ ಏಕಾಗ್ರತೆಯಿಂದ ಅವಳು ಅದನ್ನು ಮಾಡುತ್ತಿದ್ದಳು. ಮೊದಮೊದಲು ತೊಟ್ಟಿಯ ನೀರು ಕೆಂಪಾಗುತ್ತಿತ್ತು.

"ಪಾದ್ರಿಗಳ ಪೂಜೆ ಇದಕ್ಕಿಂತ ಬೇಗ ಮುಗಿಯುತ್ತೆ," ಎಂದಳು ಅಮ್ಮ.

"ಅವರಿಗೆ ಇಷ್ಟೊಂದು ಸಂದಿ ಇಲ್ಲವಲ್ಲ ಅತ್ತೆ."

"ಅರೆಪಾ ಆರ್ತಾ ಇದೆ."

"ಆರಲಿ. ಈಗ ಬಂದೆ."

ಆಮೇಲಾಮೇಲೆ ನೀರು ತಿಳಿಯಾಗಿಯೇ ಹರಿಯಿತು. ಅದನ್ನು ಮೊದಲು ಕಂಡವಳೂ ಅಮ್ಮನೇ. ಅವತ್ತಿನಿಂದ ಮಾರ್ಲೆನಿ ಉಜ್ಜಿ ಮುಗಿಸುವವರೆಗೆ ಅವಳ ಪಾಲಿನ ಅರೆಪಾವನ್ನು ಕೆಂಡದ ಅಂಚಿಗೆ ಸರಿಸಿ ಬಿಸಿಯಾಗಿ ಇಡತೊಡಗಿದಳು.

ಜುಲೈಯಲ್ಲಿ ಒಂದು ಮಧ್ಯಾಹ್ನ ಯೇಮಿ ಕೊನೆಯ ಅಳತೆಗೆ ಬಂದಳು. ಮಣೆಯ ಮೇಲೆ ನಿಂತಿದ್ದಳು, ಸೊಂಟದಿಂದ ಕೆಳಗೆಲ್ಲ ಸೂಜಿ, ಅಲ್ಲಾಡುವಂತಿರಲಿಲ್ಲ. ಮಾರ್ಲೆನಿ ನೆಲದ ಮೇಲೆ ಕೂತು ಅಂಚು ಮಡಿಸುತ್ತಿದ್ದಳು. ನಾನು ಬಟಾಣಿ ಬಿಡಿಸುತ್ತಿದ್ದೆ. ಅಮ್ಮ ಸುಮ್ಮನೆ ಕೂರಲಾರದೆ ಯಂತ್ರದ ಮೇಜು ಒರೆಸುತ್ತ, ಆ ಲಕೋಟೆಯನ್ನು ಎತ್ತಿ ಎಕ್ಸ್‌ರೇ ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು.

"ಇದೇನಿದು?"

"ನನ್ನ ಹಲ್ಲು ಅತ್ತೆ."

"ಇದು ಹಲ್ಲು. ಅದರ ಕೆಳಗೆ ಬೇರಿನ ಹಾಗೆ ಇದೆಯಲ್ಲ?"

"ಅದೂ ಹಲ್ಲೇ. ಒಳಗೆ ಅಷ್ಟು ಉದ್ದ ಹೋಗಿರುತ್ತಂತೆ."

ಅಮ್ಮ ಬಹಳ ಹೊತ್ತು ನೋಡಿದಳು. ಬೆರಳಿನಿಂದ ಒಂದು ಬೇರನ್ನು ಮೇಲಿಂದ ತುದಿಯವರೆಗೆ ಸವರಿದಳು.

"ನನ್ನವು ಇನ್ನೂ ಉದ್ದ ಇದ್ವು," ಎಂದಳು.

ಅವಳ ದನಿ ಎಂದಿನದಾಗಿರಲಿಲ್ಲ.

"ಹಲ್ಲು ಕೀಳೋನು ಕುದುರೆ ಮೇಲೆ ಬರ್ತಿದ್ದ. ನಮ್ಮ ಮನೆ ಜಗುಲೀಲೇ ಕೂರಿಸಿದ್ದು. ಮೊದಲ ದಿನ ಮೇಲಿಂದು, ಮಾರನೇ ದಿನ ಕೆಳಗಿಂದು. ತಟ್ಟೇಲಿ ಹಾಕಿದ್ದ. ನಾನು ನೋಡ್ದೆ. ಎಲ್ಲಾ ಬಿಳೀ, ಹೊಸ ಜೋಳದ ಕಾಳಿನ ಹಾಗೆ. ಅವನೇ ಅಪ್ಪಂಗೆ ಅಂದ: ಇದರಲ್ಲಿ ಒಂದಾದ್ರೂ ಹುಳುಕು ಇಲ್ವಲ್ಲ ಯಜಮಾನ್ರೇ."

"ಮತ್ತೆ ಯಾಕಜ್ಜಿ ಕೀಳಿಸ್ಕೊಂಡೆ?" ಯೇಮಿ ಮಣೆಯ ಮೇಲಿಂದ ಕೇಳಿದಳು.

"ನನ್ನ ಯಾರು ಕೇಳಿದ್ರು? ಅಕ್ಕಂದಿರಿಗೂ ಹಾಗೇ ಮಾಡಿದ್ದು. ಪ್ರೀತಿಯಿಂದಲೇ ಮಾಡಿದ್ದು, ಅಪ್ಪ ಎರಡು ಹಸು ಮಾರಿದ್ರು. ಉಡುಗೊರೆ ಅಂದ ಮೇಲೆ ಬೇಡ ಅನ್ನೋಕಾಗುತ್ತಾ?" ಎಕ್ಸ್‌ರೇಯನ್ನು ಜೋಪಾನವಾಗಿ ಲಕೋಟೆಗೆ ಸೇರಿಸಿದಳು. "ಹಿಂದಿನ ದಿನ ನಮ್ಮ ಹಿತ್ತಿಲ ಮರದಿಂದ ಒಂದು ಸೀಬೆಕಾಯಿ ಕಿತ್ಕೊಂಡು ಕಚ್ಚಿ ತಿಂದಿದ್ದೆ. ಅದೇ ಕೊನೆ. ಈ ಸೆಟ್ಟಲ್ಲಿ ಸೀಬೆಕಾಯಿ ಕಚ್ಚೋಕಾಗಲ್ಲ, ಜಾರುತ್ತೆ."

ಅರವತ್ತು ವರ್ಷದ ಹೆಮ್ಮೆಯ ಮಾತಿನ ಒಳಗೆ ಒಂದು ಸೀಬೆಕಾಯಿ ಇತ್ತೆಂದು ಮಗಳಾದ ನನಗೇ ಗೊತ್ತಿರಲಿಲ್ಲ.

ಅಮ್ಮ ಮೂಗು ಒರೆಸಿಕೊಂಡು ತನ್ನ ಎಂದಿನ ದನಿಗೆ ಮರಳಿದಳು. "ಏ ಯೇಮಿ, ಬಾಯಿ ತೆರಿ."

"ಯಾಕೆ?"

"ಅಲ್ಲಿಂದ ನೀನು ಮಾತಾಡಿದ್ರೆ ಇಲ್ಲಿಗೆ ಬರುತ್ತೆ ವಾಸನೆ. ವಾರಗಟ್ಟಲೆ ಬದಲಾಯಿಸದ ಹೂದಾನಿ ನೀರಿನ ಹಾಗೆ. ಬ್ರಾಯನ್ ಹೇಳಿಲ್ವಾ? ಪಾಪ, ಮರ್ಯಾದಸ್ಥ ಹುಡುಗ."

ಯೇಮಿಯ ಮುಖ ಕೆಂಪಾಯಿತು. ಮಣೆಯಿಂದ ಇಳಿದು ಓಡಿಹೋಗುತ್ತಿದ್ದಳೇನೋ, ಆದರೆ ಅವಳ ಸುತ್ತ ಸೂಜಿಗಳಿದ್ದವು. ನಿಂತಲ್ಲೇ ಅಳತೊಡಗಿದಳು.

"ಉಜ್ಜಿದ್ರೆ ರಕ್ತ ಬರುತ್ತೆ," ಎಂದಳು ಸಣ್ಣ ದನಿಯಲ್ಲಿ. "ಹಲ್ಲುಗಳ ಮಧ್ಯೆ ಉಜ್ಜೋ ದಾರ ಹೋಗಲ್ಲ. ವಿಲ್ಮಾರ್ ಎಲ್ಲ ಒಂದಕ್ಕೊಂದು ಸೇರಿಸಿಬಿಟ್ಟಿದ್ದಾನೆ."

"ಯಾವಾಗಿನಿಂದ?" ಮಾರ್ಲೆನಿ ತಲೆ ಎತ್ತಿದಳು.

"ನಿಂಗೆ ಉಡುಗೊರೆ ಹೇಳೋಕೆ ಮುಂಚೆಯಿಂದಲೇ."

ಬೇರೆ ತಾಯಿಯಾಗಿದ್ದರೆ ಇಲ್ಲಿ ಏನಾದರೊಂದು ಮಾತು ಚುಚ್ಚುತ್ತಿದ್ದಳು, ನಾನಾಗಿದ್ದರೆ ಚುಚ್ಚುತ್ತಿದ್ದೆ. ಮಾರ್ಲೆನಿ ಎದ್ದು ನಿಂತು ಮಗಳ ಬಾಯನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಬಿಳಿ ಹೊದಿಕೆಯ ಅಂಚಿನುದ್ದಕ್ಕೂ ವಸಡು ಕೆಂಪಾಗಿ ಉಬ್ಬಿತ್ತು.

"ನಂದರಷ್ಟು ಆಗಿಲ್ಲ. ಮಂಗಳವಾರ ನನ್ನ ಜೊತೆ ಬಾ."

"ಇವನ್ನ ತೆಗೆಸ್ಬೇಕಾ?"

"ಡಾಕ್ಟರ್ ಹೇಳ್ತಾರೆ. ಈಗ ನೇರ ನಿಂತ್ಕೋ, ಅಂಚು ಸೊಟ್ಟ ಆಗುತ್ತೆ."

ಆ ಮಂಗಳವಾರ ಡಾಕ್ಟರ್ ಓಸ್ಪಿನಾ ಯೇಮಿಯ ಹಲ್ಲುಗಳ ನಡುವೆ ಅಂಟಿಕೊಂಡಿದ್ದ ರಾಳವನ್ನು ಸೀಳಿ, ಉಜ್ಜಲು ದಾರಿ ಮಾಡಿದಳು. ಬುಡದಲ್ಲಿ ದಪ್ಪವಾಗಿದ್ದದ್ದನ್ನು ಸವೆಸಿದಳು. ಉಳಿದದ್ದನ್ನು ಮದುವೆಯಾದ ಮೇಲೆ ತೆಗೆಯೋಣ ಎಂದಳು. ಆಮೇಲೆ ಮಾರ್ಲೆನಿಯನ್ನು ಕೂರಿಸಿ ಮತ್ತೆ ಆ ಗೆರೆಯ ಕಡ್ಡಿ ಇಳಿಸಿದಳು. ಈ ಸಲ ಅದು ಹೆಚ್ಚು ಮುಳುಗಲಿಲ್ಲ. ಹಿಂದಿನ ಒಂದು ದವಡೆಹಲ್ಲನ್ನು ಉಳಿಸಲಾಗಿರಲಿಲ್ಲ, ಮಿಕ್ಕವು ಗಟ್ಟಿಯಾಗುತ್ತಿದ್ದವು. ಎಡಗಡೆಯ ಕೋರೆಹಲ್ಲನ್ನು ಎರಡು ಉಪಕರಣಗಳ ಹಿಡಿಗಳ ನಡುವೆ ಒತ್ತಿ ಅಲ್ಲಾಡಿಸಲು ನೋಡಿದಳು. ಅದು ಅಲ್ಲಾಡಲಿಲ್ಲ.

"ಚೆನ್ನಾಗಿ ನೋಡ್ಕೊಂಡಿದ್ದೀರಿ," ಎಂದಳು. "ಈ ಕಚ್ಚು ದಾರದ್ದಲ್ವಾ? ಇನ್ನು ಮೇಲೆ ಇದರಲ್ಲಿ ದಾರ ಕಡೀಬೇಡಿ."

"ಇಲ್ಲ ಡಾಕ್ಟ್ರೇ," ಎಂದಳು ಮಾರ್ಲೆನಿ, ಶಾಲೆಯ ಹುಡುಗಿಯಂತೆ.

"ಆರು ತಿಂಗಳು ಬಿಟ್ಟು ವೆನೀರ್ ವಿಚಾರ ಮಾತಾಡೋಣ. ಆಗ ಹಾಕಿದ್ರೆ ನಿಲ್ಲೋ ಹಾಗೆ ಆಗ್ತಾ ಇದೆ."

"ನೋಡೋಣ," ಎಂದಳು ಅತ್ತಿಗೆ.

ಡಾಕ್ಟರ್ ಮೊದಲೇ ಹೇಳಿದ್ದು ನಿಜವಾಗಿತ್ತು. ಊತ ಇಳಿದ ವಸಡು ತೆಳು ಗುಲಾಬಿಯಾಗಿತ್ತು, ಆದರೆ ಹಲ್ಲುಗಳು ಉದ್ದವಾಗಿದ್ದವು. ಮುಂದಿನ ಸಂದು ಕಣ್ಣಿಗೆ ಹೊಡೆಯುವಂತಿತ್ತು. ಲವಂಗದೆಣ್ಣೆಯ ವಾಸನೆ ಮಾತ್ರ ಮನೆಯಲ್ಲಿ ಇರಲಿಲ್ಲ. ಇರುವೆಗಳು ಹಾಗೇ ಇದ್ದವು.

ಮರುದಿನ ಬೆಳಿಗ್ಗೆ ಅರೆಪಾದ ತಟ್ಟೆಯ ಪಕ್ಕದಲ್ಲಿ ಅಮ್ಮ ಒಂದು ಸೀಬೆಕಾಯಿ ಇಟ್ಟಿದ್ದಳು. ಹಸಿರು ಸಿಪ್ಪೆಯ, ಇನ್ನೂ ಗಟ್ಟಿಯಾಗಿದ್ದ ಕಾಯಿ. ಮಾರ್ಲೆನಿ ಚಾಕು ಹುಡುಕಿದಳು.

"ಚಾಕು ಬೇಡ. ಕಚ್ಚು. ನಾನು ನೋಡ್ಬೇಕು."

ಮಾರ್ಲೆನಿ ಅತ್ತೆಯ ಮುಖ ನೋಡಿದಳು. ನಿಧಾನವಾಗಿ, ಮೊದಲು ಪಕ್ಕದ ಹಲ್ಲಿನಿಂದ ಕಚ್ಚಿದಳು. ಕರಕ್ಕೆಂದು ಸದ್ದಾಯಿತು. ಅವಳು ಅಗಿಯುತ್ತಿದ್ದಷ್ಟು ಹೊತ್ತೂ ಅಮ್ಮನ ದವಡೆಯೂ ಜೊತೆಗೆ ಆಡುತ್ತಿತ್ತು.

"ಹುಳಿ ಇದೆಯಾ?"

"ಸ್ವಲ್ಪ."

"ಹಾಗೇ ಇರ್ಬೇಕು," ಎಂದಳು ಅಮ್ಮ, ಎದ್ದು ಒಲೆಯ ಹತ್ತಿರ ಹೋದಳು.

ಮದುವೆಯ ದಿನ ಇಗರ್ಜಿಯ ಮೆಟ್ಟಿಲ ಮೇಲೆ ಎಲ್ಲರೂ ಫೋಟೋಗೆ ನಿಂತಿದ್ದೆವು. ದೋನ್ಯಾ ಅಂಪಾರೋ ಒಂದು ಪಕ್ಕ, ಮಾರ್ಲೆನಿ ಇನ್ನೊಂದು ಪಕ್ಕ. ಫೋಟೋದವನು ಬೆರಳೆತ್ತಿದ. ಮಾರ್ಲೆನಿಯ ಕೈ ಅಭ್ಯಾಸಬಲದಿಂದ ಅರ್ಧಕ್ಕೆ ಏಳುವುದು ನನಗೆ ಕಂಡಿತು. ಅಷ್ಟರಲ್ಲಿ ಯೇಮಿ, "ಅಮ್ಮ, ಇಲ್ಲಿ ನೋಡು," ಎಂದಳು. ಲಂಗದ ಅಂಚಿನಿಂದ ಒಂದು ಬಿ​ಳಿ ದಾರ ಬಿಚ್ಚಿಕೊಂಡು ಗಾಳಿಯಲ್ಲಿ ಆಡುತ್ತಿತ್ತು.

"ಕತ್ತರಿ ಎಲ್ಲಿ?" ಎಂದು ನಾನು ಚೀಲ ತಡಕಿದೆ. ಕತ್ತರಿ ಮನೆಯಲ್ಲಿ, ಯಂತ್ರದ ಮೇಲೆ, ರಿಬ್ಬನ್ನಿನಲ್ಲೇ ಇತ್ತು.

ಮಾರ್ಲೆನಿ ಮಂಡಿಯೂರಿದಳು. ದಾರವನ್ನು ಬೆರಳಿಗೆ ಸುತ್ತಿ, ತಲೆ ಬಗ್ಗಿಸಿ, ಎಡಗಡೆಯ ಕೋರೆಹಲ್ಲಿನ ಆ ಹಳೆಯ ಕಚ್ಚಿಗೆ ಸಿಕ್ಕಿಸಿ, ಟಕ್ಕನೆ ಕಡಿದಳು.

"ಡಾಕ್ಟ್ರಿಗೆ ಹೇಳ್ತೀನಿ," ಎಂದಳು ಯೇಮಿ.

"ಹೇಳಿದ್ರೆ ಅಂಚು ಬಿಚ್ಚಿಬಿಡ್ತೀನಿ."

ಮಗಳು ನಕ್ಕಳು. ಮಂಡಿಯೂರಿದ್ದ ತಾಯಿ ಮುಖವೆತ್ತಿ, ಉದ್ದ ಹಲ್ಲುಗಳೂ ನಡುವಿನ ಸಂದೂ ಬಿಸಿಲಿಗೆ ಕಾಣುವಂತೆ, ಗಟ್ಟಿಯಾಗಿ ನಕ್ಕಳು. ತುಟಿಯ ಮೇಲೆ ದಾರದ ಒಂದು ತುಂಡು ಇನ್ನೂ ಅಂಟಿತ್ತು. ಬ್ರಾಯನ್ ಆ ನಗು ನೋಡಿ ತಾನೂ ನಗತೊಡಗಿದ.

ಫೋಟೋದವನು ಎತ್ತಿದ ಬೆರಳು ಇಳಿಸದೆ ಅದೇ ಗಳಿಗೆಯಲ್ಲಿ ಕ್ಲಿಕ್ಕಿಸಿಬಿಟ್ಟಿದ್ದ. ಮುಂದಿನ ಕೋಣೆಯಲ್ಲಿ ಯಂತ್ರದ ಮೇಲಿನ ಗೋಡೆಗೆ ಅಮ್ಮ ಮೊಳೆ ಹೊಡೆಸಿ ಹಾಕಿಸಿರುವುದು ಆ ಫೋಟೋವನ್ನೇ.